ಆಷಾಢಕ್ಕೆ ಬಾಲಿ, ಮಾಘಕ್ಕೆ ಜಯನಗರ

ಸಂಕ್ರಾಂತಿಯ ಎಳ್ಳು-ಬೆಲ್ಲ ಖಾಲಿಯಾಗುವ ಹೊತ್ತಿಗೆ ಜಯನಗರ, ಜೆ.ಪಿ. ನಗರ, ಬನಶಂಕರಿಯ ಟ್ರಾವೆಲ್ ಏಜೆನ್ಸಿಗಳ ಮುಂದೆ ‘ಸಮ್ಮರ್ ಸ್ಪೆಷಲ್’ ಫಲಕಗಳು ಏಳುತ್ತವೆ. ಹತ್ತು ದಿನ, ಆರು ದೇಶ, ದಾರಿಯುದ್ದಕ್ಕೂ ಅನ್ನ-ಸಾರು. ಹೊರಡುವುದು ಏಪ್ರಿಲ್‌ನಲ್ಲಿ, ತಪ್ಪಿದರೆ ಮೇನಲ್ಲಿ. ಯಾಕೆ ಆ ತಿಂಗಳೇ ಎಂದು ಯಾರೂ ಕೇಳುವುದಿಲ್ಲ. ಮಕ್ಕಳಿಗೆ ಶಾಲೆಗೆ ರಜೆ, ಅದಕ್ಕೆ. ಆದರೆ ಆ ಮಕ್ಕಳು ಓದು ಮುಗಿಸಿ, ಮದುವೆಯಾಗಿ, ಡಾಲಸ್‌ನಲ್ಲೋ ಡಬ್ಲಿನ್‌ನಲ್ಲೋ ಮನೆ ಮಾಡಿ ವರ್ಷಗಳೇ ಕಳೆದರೂ ಅಪ್ಪ-ಅಮ್ಮನ ಪ್ರವಾಸ ಮಾತ್ರ ಏಪ್ರಿಲ್-ಮೇ ಬಿಟ್ಟು ಕದಲುವುದಿಲ್ಲ. ಶಾಲೆಯ ಗಂಟೆ ಅಷ್ಟು ದೂರದವರೆಗೆ ಕೇಳಿಸುತ್ತಲೇ ಇರುತ್ತದೆ.

ಈಚೆಗೆ ಇನ್ನೊಂದು ಬಗೆಯ ಪ್ರವಾಸದ ಮಾತೂ ಕೇಳಿಬರುತ್ತಿದೆ. ಒಂದೇ ಊರಿನಲ್ಲಿ ಎರಡು-ಮೂರು ವಾರ ಸಣ್ಣ ಮನೆ ಬಾಡಿಗೆಗೆ ಹಿಡಿದು, ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದು, ಕುಕ್ಕರ್ ಕೂಗಿಸಿ, ಸಂಜೆ ನದಿ ದಂಡೆಯಲ್ಲಿ ನಡೆದು ಬರುವುದು. ಒಂದು ಮ್ಯೂಸಿಯಂ ನೋಡಿದ ದಿನ ಇನ್ನೊಂದರ ಗೊಡವೆಗೆ ಹೋಗದಿರುವುದು. ಇದರ ಬೇರು ಇಟಲಿಯಲ್ಲಿದೆ. 1986ರಲ್ಲಿ ರೋಮ್‌ನ ಹಳೆಯ ಚೌಕವೊಂದರ ಬಳಿ ಮೆಕ್‌ಡೊನಾಲ್ಡ್ಸ್ ತೆರೆಯಲು ಹೊರಟಾಗ ಕಾರ್ಲೊ ಪೆಟ್ರಿನಿ ಮತ್ತು ಗೆಳೆಯರು ಪ್ರತಿಭಟಿಸಿದರು. ಅಲ್ಲಿಂದ ‘ಸ್ಲೋ ಫುಡ್’ ಚಳವಳಿ ಹುಟ್ಟಿತು. 1999ರಲ್ಲಿ ಅದೇ ದೇಶದ ನಾಲ್ಕು ಪುಟ್ಟ ಊರುಗಳು ‘ನಿಧಾನ ನಗರ’ಗಳ ಕೂಟ ಕಟ್ಟಿಕೊಂಡವು. ನಿಧಾನ ಪ್ರವಾಸ ಇದೇ ವಂಶದ ಕೂಸು.

ಹತ್ತು ದಿನದ ಟೂರಿಗೆ ಹವಾಮಾನ ಅದೃಷ್ಟದ ಮಾತು. ಮಳೆ ಬಂದರೆ ಬಸ್ಸಿನಲ್ಲಿ ಕೂತರಾಯಿತು, ನಾಳೆ ಬೇರೆ ದೇಶ ಹೇಗೂ ಇದೆ. ಒಂದೇ ಕಡೆ ತಿಂಗಳು ಕಳೆಯುವವರಿಗೆ ಆ ಸವಲತ್ತಿಲ್ಲ. ತಪ್ಪು ತಿಂಗಳಿನಲ್ಲಿ ಹೋದರೆ ಇಡೀ ತಿಂಗಳು ಅನುಭವಿಸಬೇಕು. ಹಾಗಾಗಿ ಅವರಿಗೆ ಯಾವ ದೇಶ ಎನ್ನುವುದಕ್ಕಿಂತ ಯಾವ ತಿಂಗಳು ಎನ್ನುವುದೇ ಮೊದಲ ಪ್ರಶ್ನೆ.

ಈ ಪ್ರಶ್ನೆ ಎತ್ತಿದ ಕೂಡಲೇ ಬೆಂಗಳೂರಿನವರು ಮೊಬೈಲ್ ತೆಗೆದು ನೋಡುವುದು ಉಷ್ಣಾಂಶವನ್ನು. ಎಷ್ಟು ಡಿಗ್ರಿ, ಸ್ವೆಟರ್ ಬೇಕೇ, ಥರ್ಮಲ್ ಬೇಕೇ. ನೋಡಬೇಕಾದ ಇನ್ನೊಂದು ಸಂಗತಿ ನಮಗೆ ಹೊಳೆಯುವುದೇ ಇಲ್ಲ. ಅದು ಹಗಲಿನ ಉದ್ದ. ಬೆಂಗಳೂರು ಇರುವುದು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಉತ್ತರಕ್ಕೆ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ. ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡುವವರು ಜೂನ್‌ನಲ್ಲೂ ಡಿಸೆಂಬರ್‌ನಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮನೆ ಬಿಡುತ್ತಾರೆ. ಲಂಡನ್ನಿನ ಲೆಕ್ಕವೇ ಬೇರೆ. ಜೂನ್ ಕೊನೆಯ ಭಾಗದಲ್ಲಿ ಅಲ್ಲಿ ಹದಿನಾರೂವರೆ ಗಂಟೆ ಹಗಲು, ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಕಾಲು ದಾಟಿದ ಮೇಲೆ. ಡಿಸೆಂಬರ್ ಕೊನೆಯಲ್ಲಿ ಎಂಟು ಗಂಟೆಯೂ ಹಗಲಿಲ್ಲ, ಸಂಜೆ ನಾಲ್ಕಕ್ಕೆ ಮೊದಲೇ ಕತ್ತಲು. ಐಸ್‌ಲ್ಯಾಂಡ್‌ನ ರೆಕ್ಯಾವಿಕ್‌ನಲ್ಲಿ ಡಿಸೆಂಬರ್ ಹಗಲು ನಾಲ್ಕೇ ಗಂಟೆ. ಹತ್ತು ಗಂಟೆಗೆ ತಿಂಡಿ ಮುಗಿಸಿ, ಹನ್ನೊಂದಕ್ಕೆ ಹೊರಬಿದ್ದು, ಮಧ್ಯಾಹ್ನ ಒಂದು ಸಣ್ಣ ನಿದ್ದೆ ತೆಗೆಯುವ ನಿಧಾನಸ್ಥರಿಗೆ ಅಲ್ಲಿ ಸೂರ್ಯನ ಮುಖವೇ ಕಾಣದೆ ಹೋದೀತು. ಡಿಸೆಂಬರ್ ರಜೆಯೆಂದು ಯುರೋಪಿಗೆ ಹೋಗುವವರು ಚಳಿಗೆ ತಯಾರಾಗಿರುತ್ತಾರೆ, ಕತ್ತಲಿಗಲ್ಲ. ಕ್ರಿಸ್‌ಮಸ್ ಸಂತೆಗಳ ದೀಪಕ್ಕೆ ನಾಲ್ಕು ದಿನ ಹೋಗಿ ಬರಬಹುದು, ಒಂದು ತಿಂಗಳು ಇರಲು ಆ ಕಾಲ ಸಲ್ಲದು.

ಹಾಗಾದರೆ ಯುರೋಪಿಗೆ ಯಾವಾಗ?

ಪ್ರವಾಸೋದ್ಯಮದವರು ‘ಶೋಲ್ಡರ್ ಸೀಸನ್’ ಎಂದು ಕರೆಯುವ ಎರಡು ಅವಧಿಗಳಿವೆ. ಒಂದು ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಇನ್ನೊಂದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಮೊದಲ ಪಾಲು. ಎರಡೂ ಒಳ್ಳೆಯವೇ, ಆದರೆ ಒಂದೇ ಅಲ್ಲ. ಮೇ ತಿಂಗಳಲ್ಲಿ ಹೋದವರಿಗೆ ದಿನದಿಂದ ದಿನಕ್ಕೆ ಹಗಲು ಹಿಗ್ಗುತ್ತದೆ, ಚಳಿ ಇಳಿಯುತ್ತದೆ. ಮೊದಲ ವಾರ ಜೆಟ್‌ಲ್ಯಾಗ್, ಮೂಗು ಸೋರುವುದು ಎಂದು ಒದ್ದಾಡಿದರೂ ಮೂರನೇ ವಾರ ಉತ್ತಮವಾಗಿರುತ್ತದೆ. ಅಕ್ಟೋಬರ್‌ನಲ್ಲಿ ಇದು ತಿರುಗುಮುರುಗು. ಊರು ಪರಿಚಯವಾಗಿ, ಕಾಫಿ ಅಂಗಡಿಯವನು ಗುರುತು ಹಿಡಿಯುವ ಹೊತ್ತಿಗೆ ಸಂಜೆ ಆರಕ್ಕೇ ಕತ್ತಲಾಗತೊಡಗುತ್ತದೆ. ಒಂದೇ ಜಾಗದಲ್ಲಿ ಉಳಿಯುವವರು ಋತು ಏರುವ ಕಡೆ ಹೋಗಬೇಕೇ ಹೊರತು ಇಳಿಯುವ ಕಡೆಯಲ್ಲ. ಇದಕ್ಕೊಂದು ವಿನಾಯಿತಿ ಮೆಡಿಟರೇನಿಯನ್ ಕರಾವಳಿ. ನೀರು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಅದರಿಂದ ಗ್ರೀಸ್, ದಕ್ಷಿಣ ಇಟಲಿಯ ಸಮುದ್ರ ಮೇನಲ್ಲಿ ನಡುಗಿಸುತ್ತದೆ, ಸೆಪ್ಟೆಂಬರ್‌ನಲ್ಲಿ ಬೆಚ್ಚಗಿರುತ್ತದೆ. ನೀರಿಗಿಳಿಯುವ ಆಸೆಯಿದ್ದವರು ಗಣೇಶ ಹಬ್ಬ ಮುಗಿಸಿಕೊಂಡು ಹೊರಡಲಿ. ಅಕ್ಟೋಬರ್ ಕೊನೆಯ ಹೊತ್ತಿಗೆ ಗ್ರೀಕ್ ದ್ವೀಪಗಳ ದೋಣಿಗಳೂ ಹೋಟೆಲುಗಳೂ ಒಂದೊಂದಾಗಿ ಬಾಗಿಲು ಹಾಕುವುದನ್ನು ಮರೆಯಬಾರದು.

ಜುಲೈ-ಆಗಸ್ಟ್ ಬೇಡವೆನ್ನಲು ಜನಜಂಗುಳಿಯೊಂದೇ ಕಾರಣವಲ್ಲ. ಜಯನಗರದ ಎಷ್ಟೋ ಹಳೆಯ ಮನೆಗಳಲ್ಲಿ ಇಂದಿಗೂ ಏಸಿ ಇಲ್ಲ, ಆದರೆ ಫ್ಯಾನಂತೂ ಇದ್ದೇ ಇದೆ. ಯುರೋಪಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಬಹುಪಾಲು ಏಸಿಯೂ ಇಲ್ಲ, ಫ್ಯಾನೂ ಇಲ್ಲ. ಚಳಿ ತಡೆಯಲೆಂದೇ ಕಟ್ಟಿದ ಗೋಡೆಗಳು. ಪ್ಯಾರಿಸ್‌ನಲ್ಲಿ 2019ರ ಜುಲೈನಲ್ಲಿ 42.6 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಬೆಂಗಳೂರು ಹವಾಮಾನ ಕೇಂದ್ರ ಕಂಡ ಅತಿ ಹೆಚ್ಚಿನ ಬಿಸಿಲು 2016ರ ಏಪ್ರಿಲ್‌ನ 39.2 ಡಿಗ್ರಿ. 2022ರಲ್ಲಿ ಇಂಗ್ಲೆಂಡ್ ಕೂಡ 40 ದಾಟಿತು. 2003ರ ಬಿಸಿಗಾಳಿಗೆ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಸತ್ತರು, ಅವರಲ್ಲಿ ಹೆಚ್ಚಿನವರು ವೃದ್ಧರು. ‘ಬೆಂಗಳೂರಿನ ಸೆಖೆಗೆ ಹೆದರಿ ತಣ್ಣಗಿನ ಯುರೋಪಿಗೆ’ ಎಂಬ ಮಾತು ಜುಲೈ ಮಟ್ಟಿಗೆ ಹಳತಾಯಿತು. ಆಗಸ್ಟ್‌ನಲ್ಲಂತೂ ಪ್ಯಾರಿಸ್‌ನ ಬೇಕರಿಯವರು, ರೋಮ್‌ನ ಹೋಟೆಲಿನವರು ತಾವೇ ಬಾಗಿಲು ಹಾಕಿ ರಜೆಗೆ ಹೋಗಿರುತ್ತಾರೆ. ಬೀದಿಯಲ್ಲಿ ಉಳಿಯುವವರು ಪ್ರವಾಸಿಗರು ಮಾತ್ರ.

ವೆನಿಸ್ ನಗರ 2024ರ ಏಪ್ರಿಲ್ 25ರಿಂದ ಒಂದು ಹೊಸ ಪದ್ಧತಿ ತಂದಿದೆ. ಬೆಳಿಗ್ಗೆ ಬಂದು ಸಂಜೆ ಹೋಗುವವರು ಗಿಜಿಗುಡುವ ದಿನಗಳಲ್ಲಿ ಐದು ಯೂರೊ ಪ್ರವೇಶ ಶುಲ್ಕ ಕೊಡಬೇಕು. ಆ ವರ್ಷ 29 ದಿನ ವಸೂಲಿ ನಡೆಯಿತು, 2025ರಲ್ಲಿ 54 ದಿನಕ್ಕೆ ಏರಿತು. ಕೊನೆಯ ಗಳಿಗೆಯಲ್ಲಿ ಬುಕ್ ಮಾಡಿದವರಿಗೆ ಹತ್ತು ಯೂರೊ. ಊರೊಳಗೆ ರಾತ್ರಿ ತಂಗುವವರಿಗೆ ಈ ಶುಲ್ಕವಿಲ್ಲ. ವೆನಿಸ್ ಪ್ರಕಟಿಸುವ ಈ ದಿನಗಳ ಪಟ್ಟಿಯನ್ನು ನಿಧಾನ ಪ್ರವಾಸಿಗರು ಬೇರೆ ಉಪಯೋಗಕ್ಕೂ ಇಟ್ಟುಕೊಳ್ಳಬಹುದು. ಉತ್ತರ ಇಟಲಿಯಲ್ಲಿ ಯಾವ ವಾರಾಂತ್ಯ ಕಾಲಿಡಲು ಜಾಗವಿರುವುದಿಲ್ಲ ಎನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಋತುಸಂಧಿಯ ಕಾಲವೆಂದರೆ ಎಲ್ಲ ಕಡೆಯೂ ಚಿನ್ನವಲ್ಲ. ಸ್ವಿಟ್ಜರ್‌ಲ್ಯಾಂಡಿನ ಬೆಟ್ಟದೂರುಗಳಲ್ಲಿ ಏಪ್ರಿಲ್ ಕೊನೆ ಮತ್ತು ನವೆಂಬರ್ ಎರಡೂ ಬಿಕೋ ಎನ್ನುವ ದಿನಗಳು. ಸ್ಕೀಯಿಂಗ್ ಮುಗಿದಿರುತ್ತದೆ, ಹುಲ್ಲು ಹಸಿರಾಗಿರುವುದಿಲ್ಲ, ಅನೇಕ ರೋಪ್‌ವೇಗಳು ರಿಪೇರಿಗೆಂದು ನಿಂತಿರುತ್ತವೆ. ಫುರ್ಕಾ, ಗ್ರಿಮ್ಸೆಲ್‌ನಂಥ ಎತ್ತರದ ಘಾಟಿ ರಸ್ತೆಗಳು ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆಯುತ್ತವೆ. ಮ್ಯೂನಿಕ್‌ನಲ್ಲಿ ಸೆಪ್ಟೆಂಬರ್ ಕೊನೆ ಕೇಳಲು ಹಿತ, ಆದರೆ ಅದು ಅಕ್ಟೋಬರ್‌ಫೆಸ್ಟ್ ನಡೆಯುವ ಕಾಲ. ಕೋಣೆಯ ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಜರ್ಮನಿಗೆ ಮೇ ತಿಂಗಳಲ್ಲಿ ಹೋಗಲು ಇನ್ನೊಂದು ಕಾರಣ ಊಟ. ಏಪ್ರಿಲ್ ಮಧ್ಯದಿಂದ ಅಲ್ಲಿ ‘ಶ್ಪಾರ್ಗೆಲ್’ ಎಂಬ ಬಿಳಿ ಆಸ್ಪರಾಗಸ್ ಸುಗ್ಗಿ. ಹೆಬ್ಬೆರಳ ಗಾತ್ರದ, ಮಣ್ಣಿನೊಳಗೇ ಬೆಳೆದು ಬೆಳ್ಳಗಾದ ದಂಟು. ರಸ್ತೆ ಬದಿಯಲ್ಲಿ ಮರದ ಗೂಡಂಗಡಿ ಹಾಕಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ, ಹೋಟೆಲುಗಳು ಅದಕ್ಕೆಂದೇ ಪ್ರತ್ಯೇಕ ಮೆನು ಅಚ್ಚು ಹಾಕಿಸುತ್ತವೆ. ಜೂನ್ 24ಕ್ಕೆ, ಸಂತ ಜಾನ್‌ನ ಹಬ್ಬದ ದಿನ, ಕೊಯ್ಲು ನಿಲ್ಲುವುದು ಸಂಪ್ರದಾಯ. ‘ಜರ್ಮನಿಯಲ್ಲಿ ಸಸ್ಯಾಹಾರಿಗೆ ಬ್ರೆಡ್ಡೇ ಗತಿ’ ಎಂದು ಹೆದರುವ ಬಸವನಗುಡಿ-ಬನಶಂಕರಿಯ ಮಂದಿ ಈ ಹತ್ತು ವಾರ ನೆಮ್ಮದಿಯಾಗಿ ಉಣ್ಣಬಹುದು. ಹ್ಯಾಮ್ ಬೇಡ, ಮೊಟ್ಟೆ ಬೆರೆತ ಹಾಲೆಂಡೇಸ್ ಸಾಸ್ ಬೇಡ, ಬೆಣ್ಣೆ ಕರಗಿಸಿ ಆಲೂಗಡ್ಡೆ ಜೊತೆ ಕೊಡಿ ಎಂದರೆ ಆಯಿತು.

ಇಷ್ಟೆಲ್ಲ ಆ ಊರುಗಳ ಮಾತಾಯಿತು. ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಪ್ರವಾಸದ ತಿಂಗಳು ಗೊತ್ತು ಮಾಡುವುದು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್. ಚೈತ್ರದಲ್ಲಿ ರಾಮನವಮಿ ಕಚೇರಿಗಳು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಸಂಗೀತೋತ್ಸವ ಬಿಟ್ಟು ಕದಲದವರಿದ್ದಾರೆ. ವೈಶಾಖದಲ್ಲಿ ಮದುವೆಗಳು, ಒಂದು ತಪ್ಪಿಸಿದರೂ ನೆಂಟಸ್ತನಕ್ಕೆ ಕುತ್ತು. ಶ್ರಾವಣಕ್ಕೆ ವರಮಹಾಲಕ್ಷ್ಮಿ, ಭಾದ್ರಪದಕ್ಕೆ ಗೌರಿ-ಗಣೇಶ, ಆಶ್ವಯುಜಕ್ಕೆ ಗೊಂಬೆ ಕೂರಿಸಬೇಕು, ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಇಡೀ ವರ್ಷದಲ್ಲಿ ಯಾರೂ ಕರೆಯದ, ಯಾರನ್ನೂ ಕರೆಯಬೇಕಿಲ್ಲದ ಒಂದೇ ತಿಂಗಳೆಂದರೆ ಆಷಾಢ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಸೀರೆ ಅಂಗಡಿಗಳ ರಿಯಾಯಿತಿ ಮಾರಾಟ ಬಿಟ್ಟರೆ ಗಡಿಬಿಡಿಯೇ ಇಲ್ಲ. ಹೊಸ ಮದುವೆಯಾದ ಮನೆಯಲ್ಲಿ ಆಷಾಢದಲ್ಲಿ ಅತ್ತೆ-ಸೊಸೆ ಒಂದೇ ಸೂರಿನಡಿ ಇರಬಾರದೆಂಬ ಮಾತೂ ಇದೆಯಲ್ಲ; ಅತ್ತೆಯೇ ವಿಮಾನ ಹತ್ತಿದರೆ ಶಾಸ್ತ್ರವೂ ಉಳಿಯಿತು, ಸೊಸೆಗೂ ತಣ್ಣಗಾಯಿತು.

ಆಷಾಢ ಬೀಳುವುದು ಹೆಚ್ಚಾಗಿ ಜೂನ್ ಕೊನೆಯಿಂದ ಜುಲೈ ಕೊನೆಯೊಳಗೆ. ಅಧಿಕ ಜ್ಯೇಷ್ಠ ಬಂದಿರುವ 2026ರಲ್ಲಿ ಅದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಜಾರಿದೆ. ಯುರೋಪಿಗೆ ಇದು ಕೆಟ್ಟ ಕಾಲವೆಂದು ಆಗಲೇ ನೋಡಿದೆವು. ಆದರೆ ಭೂಮಧ್ಯರೇಖೆ ದಾಟಿದರೆ ಲೆಕ್ಕ ತಲೆಕೆಳಗಾಗುತ್ತದೆ. ಇಂಡೊನೇಷ್ಯಾದ ಬಾಲಿ ಇರುವುದು ಎಂಟು ಡಿಗ್ರಿ ದಕ್ಷಿಣಕ್ಕೆ. ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ, ಜುಲೈನಲ್ಲಿ ಮೈಗೆ ಅಂಟುವ ತೇವವೂ ಕಡಿಮೆ. ಇಂಡಿಗೊ ಸಂಸ್ಥೆ 2024ರ ಮಾರ್ಚ್ 29ರಂದು ಬೆಂಗಳೂರಿನಿಂದ ಬಾಲಿಯ ದೆನ್‌ಪಸಾರ್‌ಗೆ ನೇರ ವಿಮಾನ ಶುರುಮಾಡಿತು. ಅಲ್ಲಿಳಿದ ಮೇಲೆ ಸಿಗುವ ವೀಸಾ 30 ದಿನದ್ದು, ಒಮ್ಮೆ ಇನ್ನೂ 30 ದಿನ ವಿಸ್ತರಿಸಿಕೊಳ್ಳಬಹುದು. ನಿಧಾನಸ್ಥರಿಗೆ ಹೇಳಿ ಮಾಡಿಸಿದ ಅವಧಿ. ಆಸ್ಟ್ರೇಲಿಯಾದವರ ಶಾಲಾ ರಜೆಯೂ ಆಗಲೇ ಬರುವುದರಿಂದ ಕೂಟಾ, ಸೆಮಿನ್ಯಾಕ್ ಕಡಲತೀರಗಳು ತುಂಬಿರುತ್ತವೆ. ಪೂರ್ವದ ಸಿದೆಮೆನ್ ಕಣಿವೆಯ ಭತ್ತದ ಗದ್ದೆಗಳ ನಡುವೆಯೋ ಅಮೆದ್‌ನ ಮೀನುಗಾರರ ಹಳ್ಳಿಯಲ್ಲೋ ಮನೆ ಹಿಡಿಯುವುದು ಜಾಣತನ.

ಬಾಲಿಯಲ್ಲಿ ಇನ್ನೂ ನಿಧಾನವಾಗಬೇಕು ಎನ್ನುವವರಿಗೆ ‘ನ್ಯೆಪಿ’ ಇದೆ. ಅಲ್ಲಿನ ಹಿಂದೂಗಳೂ ಶಕ ವರ್ಷವನ್ನೇ ಎಣಿಸುತ್ತಾರೆ, ನ್ಯೆಪಿ ಅದರ ಹೊಸ ವರ್ಷ. ಎಷ್ಟೋ ವರ್ಷ ಅದು ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. 2026ರಲ್ಲಿ ಎರಡೂ ಮಾರ್ಚ್ 19ಕ್ಕೇ ಬಿದ್ದವು. ಇಲ್ಲಿ ಒಬ್ಬಟ್ಟು, ಅಲ್ಲಿ ಉಪವಾಸ ಮತ್ತು ಮೌನ. ಆ ಇಪ್ಪತ್ತನಾಲ್ಕು ಗಂಟೆ ದ್ವೀಪದಲ್ಲಿ ದೀಪ ಹಚ್ಚುವಂತಿಲ್ಲ, ವಾಹನ ಓಡಿಸುವಂತಿಲ್ಲ, ಪ್ರವಾಸಿಗರೂ ಹೋಟೆಲ್ ಆವರಣ ಬಿಟ್ಟು ಹೊರಬರುವಂತಿಲ್ಲ. ವಿಮಾನ ನಿಲ್ದಾಣವನ್ನೂ ಮುಚ್ಚುತ್ತಾರೆ. ಟಿಕೆಟ್ ಕಾಯ್ದಿರಿಸುವ ಮೊದಲು ಈ ತಾರೀಖು ನೋಡಿಕೊಳ್ಳದಿದ್ದರೆ ಫಜೀತಿ.

ಹತ್ತಿರದ ಶ್ರೀಲಂಕಾಕ್ಕೆ ‘ಸೀಸನ್ ಯಾವುದು’ ಎಂದು ಕೇಳಿದರೆ ‘ಯಾವ ದಿಕ್ಕಿಗೆ’ ಎಂದು ಮರುಪ್ರಶ್ನೆ ಹಾಕಬೇಕು. ಮೇನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಗಾಲೆ, ಕೊಲಂಬೊ ಕಡೆ ಸುರಿಯುತ್ತದೆ. ನಡುವಿನ ಬೆಟ್ಟಗಳು ಮೋಡ ತಡೆಯುವುದರಿಂದ ಪೂರ್ವದ ಟ್ರಿಂಕೊಮಲಿ, ಅರುಗಂ ಕೊಲ್ಲಿ ಒಣಗಿ ನಿಂತಿರುತ್ತವೆ. ಆಗುಂಬೆ ತೊಯ್ಯುವಾಗ ಚಿತ್ರದುರ್ಗ ಮುಗಿಲು ನೋಡುವುದೂ ಇದೇ ಕಾರಣಕ್ಕೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ ಪೂರ್ವವನ್ನು ನೆನೆಸುತ್ತದೆ, ದಕ್ಷಿಣ-ಪಶ್ಚಿಮದ ಕರಾವಳಿಗೆ ಬಿಸಿಲು ಬೀಳುತ್ತದೆ. ಅಂದರೆ ಆಷಾಢದವರಿಗೆ ಟ್ರಿಂಕೊಮಲಿ, ಪುಷ್ಯದವರಿಗೆ ಗಾಲೆ. ಎರಡು ಮಾರುತಗಳ ನಡುವಿನ ಅಕ್ಟೋಬರ್-ನವೆಂಬರ್ ಚಂಡಮಾರುತಗಳ ಕಾಲ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಆ ದೇಶದ ಬೆಟ್ಟದ ಜಿಲ್ಲೆಗಳನ್ನು ನಲುಗಿಸಿತು. ಥಾಯ್ಲೆಂಡಿನಲ್ಲೂ ಇಂಥದೇ ಎರಡು ಮುಖ: ಫುಕೆಟ್ ನೆನೆಯುವ ಜುಲೈನಲ್ಲಿ ಆಚೆ ಕಡೆಯ ಕೊ ಸಮುಯಿ ಸಾಕಷ್ಟು ಒಣಗಿರುತ್ತದೆ.

ಜಪಾನ್ ಎಂದರೆ ಎಲ್ಲರಿಗೂ ಚೆರ್ರಿ ಹೂವು. ಹೂವಿನ ಬೆನ್ನು ಹತ್ತಿ ವಾರದ ಟಿಕೆಟ್ ಮಾಡಿಸುವುದು ಜೂಜು. ಕ್ಯೋಟೊದಲ್ಲಿ ಅರಳುವ ದಿನದ ದಾಖಲೆಗಳು 1,200 ವರ್ಷದಷ್ಟು ಹಳೆಯವು, ಆಸ್ಥಾನಿಕರ ದಿನಚರಿಗಳಿಂದ ಹೆಕ್ಕಿ ತೆಗೆದವು. 2021ರ ಮಾರ್ಚ್ 26ರಂದು ಹೂ ತುಂಬಿದಾಗ ಅಲ್ಲಿಯವರೆಗಿನ ಅಷ್ಟೂ ವರ್ಷಗಳಲ್ಲಿ ಅದೇ ಅತಿ ಬೇಗ ಎನಿಸಿತ್ತು. ಭೂಮಿ ಕಾಯುತ್ತಿರುವುದರಿಂದ ಹಳೆಯ ಗೈಡ್ ಪುಸ್ತಕದ ತಾರೀಖು ನಂಬುವಂತಿಲ್ಲ. ಬಿಡುವಿದ್ದವರಿಗೆ ಈ ಚಿಂತೆಯಿಲ್ಲ. ಹೂವು ದಕ್ಷಿಣದ ಕ್ಯೂಶು ದ್ವೀಪದಲ್ಲಿ ಮಾರ್ಚ್ ಕೊನೆಗೆ ಅರಳಿ, ಉತ್ತರದ ಹೊಕ್ಕೈಡೊ ಮುಟ್ಟುವುದು ಮೇ ಹೊತ್ತಿಗೆ. ಅದರ ಹಿಂದೆಯೇ ರೈಲಿನಲ್ಲಿ ಮೆಲ್ಲಗೆ ಉತ್ತರಕ್ಕೆ ಸರಿಯಬಹುದು. ಏಪ್ರಿಲ್ 29ರಿಂದ ಮೇ 5ರವರೆಗಿನ ‘ಗೋಲ್ಡನ್ ವೀಕ್’ನಲ್ಲಿ ಮಾತ್ರ ಇದ್ದಲ್ಲೇ ಇರುವುದು ಲೇಸು, ಆಗ ಇಡೀ ದೇಶವೇ ರೈಲು ಹತ್ತಿರುತ್ತದೆ. ಜೂನ್‌ನಲ್ಲಿ ಮಳೆ, ಆಗಸ್ಟ್‌ನಲ್ಲಿ ಬೇಯಿಸುವ ಸೆಖೆ, ಆಮೇಲೆ ಟೈಫೂನ್. ತೂಗಿ ನೋಡಿದರೆ ನವೆಂಬರ್ ವಾಸಿ: ಆಕಾಶ ಶುಭ್ರ, ಕ್ಯೋಟೊದ ಮೇಪಲ್ ಮರಗಳು ತಿಂಗಳ ಕೊನೆಗೆ ಕೆಂಪಾಗುತ್ತವೆ.

ನಿಧಾನ ಪ್ರವಾಸವೆಂಬ ಹೆಸರು ಬರುವ ಮೊದಲೇ ಅದನ್ನು ಮಾಡುತ್ತಿದ್ದವರು ನಮ್ಮಲ್ಲಿದ್ದಾರೆ. ಅಮೆರಿಕಕ್ಕೆ ಮಗಳ ಬಾಣಂತನಕ್ಕೆ, ಮಗನ ಗೃಹಪ್ರವೇಶಕ್ಕೆ ಹೋಗಿ ಆರು ತಿಂಗಳು ಉಳಿಯುವ ತಂದೆ-ತಾಯಿ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಹೋಗಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಥ ಪಯಣಿಗರಿಗೆ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅನುಮತಿ ಸಿಗುತ್ತದೆ. ಆ ಆರು ತಿಂಗಳು ಯಾವುದಿರಬೇಕು ಎನ್ನುವುದನ್ನು ಮೊಮ್ಮಗು ನಿರ್ಧರಿಸದಿದ್ದರೆ, ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮಧ್ಯ ಒಳ್ಳೆಯದು. ಷಿಕಾಗೊ, ಬಾಸ್ಟನ್ ಕಡೆ ಹಿಮ ಬಿದ್ದರೆ ಕಾರು ಓಡಿಸಲು ಬಾರದ ಹಿರಿಯರಿಗೆ ಅದು ಗೃಹಬಂಧನವೇ. ಮಗ-ಸೊಸೆ ಆಫೀಸಿಗೆ ಹೋದ ಮೇಲೆ ಕಿಟಕಿ, ಟಿ.ವಿ., ಊರಿಗೊಂದು ಫೋನು. ಬೇಸಿಗೆಯಲ್ಲಾದರೆ ಪಾರ್ಕು, ಲೈಬ್ರರಿ, ಅಲ್ಲಿಯೇ ಪರಿಚಯವಾಗುವ ಮೈಸೂರಿನವರೊಬ್ಬರು. ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನವೂ ಹೆಚ್ಚಾಗಿ ಲೇಬರ್ ಡೇ ರಜೆಯ ಆಸುಪಾಸಿನಲ್ಲಿ ನಡೆಯುತ್ತದೆ; 2024ರಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಆಗಸ್ಟ್ 30ರಿಂದ ಸೆಪ್ಟೆಂಬರ್ 1ರವರೆಗೆ ನಡೆದಿತ್ತು.

ಇನ್ನುಳಿದದ್ದು ಜನವರಿ-ಫೆಬ್ರವರಿ. ವಿಯೆಟ್ನಾಂ, ಕಾಂಬೋಡಿಯಾಗಳಿಗೆ ಅದು ಪ್ರಶಸ್ತ ಕಾಲ, ನಿಜ. ಆದರೂ ಆಗ ಊರು ಬಿಡುವುದು ಲುಕ್ಸಾನಿನ ವ್ಯಾಪಾರ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ಬೆಂಗಳೂರಿನ ರಸ್ತೆಗಳಿಗೆ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ನಗರದಲ್ಲಿ ಲಕ್ಷಗಟ್ಟಲೆ ಸಸಿ ನೆಟ್ಟು ಬೆಳೆಸಿದರು. ಜನವರಿಯಿಂದ ಮಾರ್ಚ್‌ವರೆಗೆ ಜಯನಗರ, ಜೆ.ಪಿ. ನಗರದ ರಸ್ತೆಗಳಲ್ಲಿ ಟಬೂಬಿಯಾ ಗುಲಾಬಿಯಾಗಿ, ಆಮೇಲೆ ಹಳದಿಯಾಗಿ ತುಂಬಿಕೊಳ್ಳುತ್ತದೆ. ಮಾರ್ಕೆಟ್ಟಿನಲ್ಲಿ ಸೊಗಡಿನ ಅವರೆಕಾಯಿ, ಬಸವನಗುಡಿಯಲ್ಲಿ ಅವರೆಬೇಳೆ ಮೇಳ, ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ, ಬೆಳಗಿನ ಹದವಾದ ಚಳಿ. ಇದನ್ನು ಬಿಟ್ಟು ಬೇರೆಡೆ ಬಾಡಿಗೆ ಕೊಟ್ಟು ಕೂರಲು ಬಲವಾದ ಕಾರಣ ಬೇಕು.

ಆ ಎರಡು ತಿಂಗಳು ಕಾಗದಪತ್ರಕ್ಕೆ ಇಟ್ಟುಕೊಳ್ಳುವುದು ಲೇಸು. ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ತಕರಾರು ಬಂದರೆ 45 ದಿನದವರೆಗೆ ಹಿಡಿಯುತ್ತದೆ. 2024ರ ಜೂನ್‌ನಿಂದ ಶುಲ್ಕ 90 ಯೂರೊ, ಜೊತೆಗೆ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಹಿಂದಿನ ಮೂರು ವರ್ಷಗಳಲ್ಲಿ ಎರಡು ಸಲ ಈ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಹಲವು ಸಲ ಹೋಗಿಬರಬಹುದಾದ ವೀಸಾ ಕೊಡುವ ನಿಯಮ 2024ರ ಏಪ್ರಿಲ್‌ನಲ್ಲಿ ಬಂದಿದೆ. ಶಾಲಾ ರಜೆಯವರೆಲ್ಲ ಮಾರ್ಚ್‌ನಲ್ಲಿ ಸಾಲು ನಿಲ್ಲುತ್ತಾರೆ. ಮೇ 10ಕ್ಕೆ ಹೊರಡುವ ಯೋಚನೆ ಇದ್ದವರಿಗೆ ಅರ್ಜಿಯ ಬಾಗಿಲು ನವೆಂಬರ್ 10ಕ್ಕೇ ತೆರೆದಿರುತ್ತದೆ.